ಚಿನ್ನಕ್ಕೆ ಹೋದ ಆಮೊಸನ ಪತ್ತೆ

ಹೊಳೆನರಸೀಪುರ

ನಾನು ಅಮೆರಿಕಕ್ಕೆ ಹೋದದ್ದು ಸತ್ತವರ ತಲೆ ಎಣಿಸುವುದಕ್ಕೆ. ಇದು ನನ್ನ ಮಾತಲ್ಲ, ಹೊಳೆನರಸೀಪುರದ ನಮ್ಮ ಚಿಕ್ಕಪ್ಪನ ಮಾತು. ಸಾವಿರದ ಒಂಬೈನೂರ ಅರವತ್ತೆರಡರಲ್ಲಿ, ಹೊರಡುವ ಮೊದಲು ಹೇಳಿ ಬರೋಣವೆಂದು ಹೋದಾಗ ಅವರು ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಹೊಸ ಕೋಟು ಹಾಕಿಕೊಂಡು ಬಹಳ ಗತ್ತಿನಿಂದ ವಿಷಯ ವಿವರಿಸಿದೆ. ನೂರು ವರ್ಷದ ಹಿಂದೆ ಕ್ಯಾಲಿಫೋರ್ನಿಯದಲ್ಲಿ ಚಿನ್ನ ಸಿಕ್ಕಿತು, ಜನ ಮನೆಮಠ ಬಿಟ್ಟು ಓಡಿದರು. ಅಲ್ಲಿಯ ಸರ್ಕಾರ ಹತ್ತು ವರ್ಷಕ್ಕೊಮ್ಮೆ ಎಲ್ಲರ ಹೆಸರು ಬರೆದುಕೊಳ್ಳುತ್ತದೆ. ಒಂದು ಜನಗಣತಿಯಲ್ಲಿ ಇರುವ ಮನುಷ್ಯನನ್ನು ಮುಂದಿನ ಜನಗಣತಿಯಲ್ಲಿ ಹುಡುಕಿ ಹಿಡಿದರೆ ಯಾರು ಹೋದರು, ಯಾರು ಉಳಿದರು ಎಂಬುದೆಲ್ಲ ತಿಳಿಯುತ್ತದೆ. ಆ ಕೆಲಸಕ್ಕೆ ಆರು ತಿಂಗಳು ನನ್ನನ್ನು ಕರೆದಿದ್ದಾರೆ.

ನಮ್ಮ ಕಡೆಯ ಎರಡು ಜನಗಣತಿಗಳಲ್ಲಿ ನಾನು ಮನೆಮನೆ ಎಣಿಸಿದ್ದು ಚಿಕ್ಕಪ್ಪನಿಗೆ ಗೊತ್ತಿತ್ತು. ಅವರು ಎಲೆ ಮಡಿಸಿ ಬಾಯಿಗಿಟ್ಟರು.

"ಬದ್ಕಿರೋರ್ನ ಎರಡ್ ಕಿತ ಎಣ್ಸಿದ್ದಾಯ್ತು. ಈಗ ಸತ್ತೋರ ತಲೆ ಎಣ್ಸಕ್ಕೆ ಓಯ್ತೀನಿ ಅಂತೀಯ. ಅದ್ಕೆ ಅಮೇರಿಕಕ್ಕೇ ಓಗ್ಬೇಕೇನ್ಲಾ? ನಮ್ಮೂರ್ನಾಗೆ ಯಾರೂ ಸತ್ತಿಲ್ವಾ?"

"ಚಿಕ್ಕಪ್ಪ, ಅವರು ಚಿನ್ನಕ್ಕೆ ಹೋದವರು."

"ಚಿನ್ನ ಕೋಲಾರ್‌ದಾಗೇ ಐತಲ್ಲಾ!"

ಹಾಸನದ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರದ ಅಧ್ಯಾಪಕ. ಪಾಠ ಹೇಳುವಾಗ ಹಿಂದಿನ ಬೆಂಚಿನವರೂ ನನ್ನ ಬಾಯಿಯನ್ನು ಇಷ್ಟು ಸುಲಭವಾಗಿ ಮುಚ್ಚಿಸಿದ್ದಿಲ್ಲ. ನನ್ನ ಹೆಂಡತಿ ಸರೋಜ ಮಾತ್ರ ಪಕ್ಕದಲ್ಲಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಹಿರೀಸಾವೆ

ಬೆಂಗಳೂರಿನ ಬಸ್ಸು ಹಿರೀಸಾವೆಯಲ್ಲಿ ಕಾಫಿಗೆ ನಿಲ್ಲುತ್ತದೆ. ಹೋಟೆಲಿನ ಮುಂದೆ ಕಾಳೇಗೌಡ ಮತ್ತು ಸಾಕಮ್ಮ ಒಂದು ತೆಂಗಿನಕಾಯಿ ಹಿಡಿದು ನಿಂತಿದ್ದರು. ಈ ಗಂಡಹೆಂಡಿರ ವಿಷಯ ಇಲ್ಲಿಯೇ ಹೇಳಿಬಿಡಬೇಕು. ಅಮೆರಿಕದಲ್ಲಿ ನಾನು ಮಾಡಿದ ಒಂದೇ ಒಂದು ಬುದ್ಧಿವಂತಿಕೆಯ ಕೆಲಸಕ್ಕೆ ಕಾರಣ ಇವರಿಬ್ಬರು.

ಐವತ್ತೊಂದರಲ್ಲಿ ನಾನು ಹಿರೀಸಾವೆಯಲ್ಲಿ ಮೇಷ್ಟ್ರು. ಜನಗಣತಿಯ ಪುಸ್ತಕ ಕೊಟ್ಟು ಊರೆಣಿಸಲು ಹೇಳಿದರು. ಕಾಳೇಗೌಡನ ಮನೆಯ ಬಾಗಿಲಿಗೆ ಹೋದಾಗ ಒಳಗಿದ್ದವಳು ಸಾಕಮ್ಮ ಒಬ್ಬಳೇ.

"ಯಜಮಾನರ ಹೆಸರೇನಮ್ಮ?"

"ಅದ್ನೆಂಗೆ ಯೋಳಾನ ಸಾ? ಪಕ್ಕದ್ಮನೇರ್ನ ಕೇಳಿ."

ಪಕ್ಕದ ಮನೆಯವರು ಹೆಸರನ್ನಷ್ಟೇ ಅಲ್ಲ, ಪೂರ್ತಿ ಕಥೆಯನ್ನೇ ಕೊಟ್ಟರು. ಕಾಳೇಗೌಡ ಊಟಕ್ಕೆ ಕೂತು, ಅತ್ತಿಗೆ ಮಾಡಿದ ಉಪ್ಸಾರನ್ನು ಹೊಗಳಿದ್ದ. ಸಾಕಮ್ಮ ಆ ಹೊತ್ತೇ ಸೀರೆ ಗಂಟು ಕಟ್ಟಿ ರಾಮನಾಥಪುರದ ತೌರಿಗೆ ಹೋಗಿದ್ದಳು. ವಾರ ಕಳೆದ ಮೇಲೆ ಇವನು ಅವಳನ್ನು ಕರೆತರಲು ಹೊಳೆನರಸೀಪುರದ ದಾರಿಯ ಬಸ್ಸು ಹತ್ತಿದ. ಅದೇ ಬೆಳಿಗ್ಗೆ ಸಿಟ್ಟಿಳಿದ ಅವಳು ಹಾಸನದ ದಾರಿಯ ಬಸ್ಸು ಹತ್ತಿ ಮನೆಗೆ ಬಂದಳು. ರಾಮನಾಥಪುರವನ್ನು ಎಣಿಸುತ್ತಿದ್ದವನು ನನ್ನ ಗೆಳೆಯ. ಅವನ ಪುಸ್ತಕದಲ್ಲಿ ಅತ್ತೆಮನೆಯಲ್ಲಿ ಕಾಳೇಗೌಡ, ನನ್ನ ಪುಸ್ತಕದಲ್ಲಿ ಗಂಡನ ಮನೆಯಲ್ಲಿ ಸಾಕಮ್ಮ! ಅವಳೇ ಬರಲೆಂದು ಇವನು, ಇವನೇ ಬರಲೆಂದು ಅವಳು, ಮೂರು ದಿನ ಕಾದಿದ್ದರು. ನಾಲ್ಕನೆಯ ದಿನ ಇಬ್ಬರೂ ತಡೆಯಲಾರದೆ ಹೊರಟು, ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಎದುರುಬದುರಾದರಂತೆ.

"ಉಸಾರು ಸಾ," ಎಂದು ಕಾಳೇಗೌಡ ತೆಂಗಿನಕಾಯಿ ಕೊಟ್ಟ. "ಅಲ್ಲಿ ಯಾರಾನಾ ತಪ್ಪಿಸ್ಕೊಂಡ್ರೆ ನಮಗೆ ಒಂದು ಕಾಗ್ದ ಆಕಿ."

ಸ್ಯಾನ್ ಫ್ರಾನ್ಸಿಸ್ಕೊ

ತೆಂಗಿನಕಾಯಿ ಬೊಂಬಾಯಿಯಲ್ಲೇ ಹೋಯಿತು. ರಾಗಿ ಹಿಟ್ಟು ಮಾತ್ರ ನನ್ನೊಡನೆ ಸಮುದ್ರ ದಾಟಿತು. ವಿಮಾನ ನಿಲ್ದಾಣದ ಅಧಿಕಾರಿ ಸರೋಜ ಹೊಲಿದುಕೊಟ್ಟಿದ್ದ ಬಟ್ಟೆಯ ಚೀಲ ಬಿಚ್ಚಿ, ಕಂದು ಪುಡಿ ಕಂಡು ಇನ್ನೊಬ್ಬನನ್ನು ಕರೆದ. ಅವನು ಮತ್ತೊಬ್ಬನನ್ನು ಕರೆದ. ಮೂವರೂ ಬೆರಳದ್ದಿ ಮೂಸಿದರು. ಇದು ಊಟ ಎಂದೆ. ನಂಬಲಿಲ್ಲ. ಕೊನೆಗೆ ನಾನೇ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಹಸಿ ರಾಗಿ ಹಿಟ್ಟು ಗಂಟಲಿಗೆ ಅಂಟಿ ಕೆಮ್ಮು ಹತ್ತಿತು, ಕಣ್ಣಲ್ಲಿ ನೀರು, ಮೂಗಲ್ಲಿ ಹಿಟ್ಟು. ಒಬ್ಬ ನೀರು ತಂದ, ಇನ್ನೊಬ್ಬ ಬೆನ್ನು ಗುದ್ದಿದ, ಮೂರನೆಯವನು ಇಷ್ಟು ಕಷ್ಟಪಟ್ಟು ತಿನ್ನುವವನು ಕಳ್ಳನಾಗಿರಲಾರ ಎಂದು ಮುದ್ರೆ ಒತ್ತಿದ. ನಾನು ಆ ದೇಶಕ್ಕೆ ಕಾಲಿಟ್ಟದ್ದು ಹೀಗೆ.

ಆ ಜನ ದಾರಿಯಲ್ಲಿ ಸಿಕ್ಕವರನ್ನೆಲ್ಲ "ಹೇಗಿದ್ದೀರಿ?" ಎಂದು ಕೇಳುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ. ನಾನು ಮೊದಲ ವಾರ ನಿಂತು, ನೆಗಡಿ, ನಿದ್ದೆ, ಮನೆಯ ಯೋಚನೆ ಎಲ್ಲವನ್ನೂ ಹೇಳತೊಡಗುತ್ತಿದ್ದೆ. ನಾನು ನೆಗಡಿಗೆ ಬರುವಷ್ಟರಲ್ಲಿ ಅವರು ಬೀದಿಯ ಕೊನೆ ಮುಟ್ಟಿರುತ್ತಿದ್ದರು. ಚನ್ನರಾಯಪಟ್ಟಣದಲ್ಲಾದರೆ ಹೀಗೆ ಕೇಳಿ ಓಡಿದವನ ಮೇಲೆ ಜನ್ಮದ ಮುನಿಸು.

ಸ್ಯಾಕ್ರಮೆಂಟೊ

ನನ್ನನ್ನು ಕರೆಸಿದ ಪ್ರೊಫೆಸರ್ ಗಿಬ್ಸನ್ ಉದ್ದನೆಯ, ತುಸು ಬಾಗಿದ ಮನುಷ್ಯ. ಕನ್ನಡಕ ಯಾವಾಗಲೂ ಜಾರುತ್ತಿತ್ತು. ಪೂರ್ವದ ತೀರದ ಕೆಲವು ಹಳ್ಳಿಗಳ ಗಣತಿಯಿಂದ ಅವರು ಚಿನ್ನಕ್ಕೆ ಹೋದವರ ಚೀಟಿಗಳನ್ನು ಬರೆಸಿಟ್ಟಿದ್ದರು. ಮೇಜಿನ ಮೇಲೆ ಚಪ್ಪಲಿ ಅಂಗಡಿಯ ಎರಡು ರಟ್ಟಿನ ಡಬ್ಬ. ಒಂದರ ಮೇಲೆ 'ಸಿಕ್ಕವರು', ಇನ್ನೊಂದರ ಮೇಲೆ 'ಸಿಗದವರು'. ಹಳೆಯ ಪುಸ್ತಕಗಳ ಪುಟಗಳೆಲ್ಲ ಫಿಲ್ಮ್ ಸುರುಳಿಗಳಲ್ಲಿದ್ದವು. ಕತ್ತಲೆ ಕೋಣೆಯಲ್ಲಿ ಯಂತ್ರದ ಮುಂದೆ ಕೂತು ಹಿಡಿ ತಿರುಗಿಸಿದರೆ ಹೆಸರುಗಳು ಓಡುತ್ತವೆ. ಅರಕಲಗೂಡಿನ ಟೂರಿಂಗ್ ಟಾಕೀಸಿನಲ್ಲಿ ಪರದೆಗೆ ಮೂಗು ತಾಗಿಸಿ ಕೂತ ಹಾಗೆ. ಎರಡನೆಯ ದಿನ ನಾನು ತಲೆ ಸುತ್ತಿ ಕುರ್ಚಿಯಿಂದ ಕೆಳಕ್ಕೆ ಜಾರಿದೆ.

ಆದರೂ ಉತ್ಸಾಹ ಏನು ಕೇಳುತ್ತೀರಿ! ಸತ್ತು ಹೋದ ಒಬ್ಬ ಕಮ್ಮಾರ ಸಾವಿರದ ಎಂಟುನೂರ ಐವತ್ತರಲ್ಲಿ ಸಿಕ್ಕು, ಅರವತ್ತರಲ್ಲೂ ಸಿಕ್ಕಿಬಿಟ್ಟರೆ ಎದ್ದು ಕುಣಿಯಬೇಕೆನಿಸುತ್ತಿತ್ತು. ಅವನ ಮಕ್ಕಳು ದೊಡ್ಡವರಾಗಿರುತ್ತಿದ್ದರು, ನಾನೇ ಸಾಕಿದಷ್ಟು ಹೆಮ್ಮೆ.

ಮೂರನೆಯ ವಾರ ನಾನೊಂದು ಮಹಾ ಸಂಶೋಧನೆ ಮಾಡಿದೆ. ಪ್ರೊಫೆಸರರ ಕೋಣೆಗೆ ಓಡಿಹೋಗಿ ಹೇಳಿದೆ: "ಸರ್, ಚಿನ್ನಕ್ಕೆ ಹೋದವರು ಗಂಡಸರಲ್ಲ! ಈ ಹಳ್ಳಿಯ ಹದಿನೆಂಟು ಇಪ್ಪತ್ತರ ಹುಡುಗಿಯರೆಲ್ಲ ಹತ್ತು ವರ್ಷದಲ್ಲಿ ಮಾಯವಾಗಿದ್ದಾರೆ. ಒಬ್ಬಳೂ ಸಿಗುತ್ತಿಲ್ಲ."

ಅವರು ಚೀಟಿಗಳನ್ನು ನೋಡಿದರು. ನನ್ನನ್ನು ನೋಡಿದರು. ಕನ್ನಡಕ ಜಾರಿ ಮೇಜಿನ ಮೇಲೆ ಬಿತ್ತು. "ಅವರಿಗೆ ಮದುವೆಯಾಗಿದೆ," ಎಂದರು.

ನಮ್ಮ ಕಡೆ ಸಾಕಮ್ಮ ಮದುವೆಯಾದರೂ ಸಾಕಮ್ಮನೇ. ಮನೆ ಬದಲಾದೀತು, ಹೆಸರಲ್ಲ. ಅಲ್ಲಿ ಗಂಡನ ಮನೆಯ ಹೆಸರು ಬಂದು ಹುಟ್ಟಿದ ಮನೆಯ ಹೆಸರನ್ನು ನುಂಗಿಬಿಡುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಆದರೆ ಕೆಲಸಕ್ಕೆ ಕೂತಾಗ ನೆನಪಾಗಲಿಲ್ಲ. ಒಂದು ಊರಿನ ಮುತ್ತೈದೆಯರನ್ನೆಲ್ಲ ಚಿನ್ನದ ಗಣಿಗೆ ಅಟ್ಟಿದವನೆಂದು ಆ ಇಲಾಖೆಯಲ್ಲಿ ನನಗೆ ಹೆಸರಾಯಿತು.

ಮಿಸೆಸ್ ಹ್ಯಾಡ್ಲಿಯ ಅಡಿಗೆಮನೆ

ನನಗೆ ಕೋಣೆ ಕೊಟ್ಟಿದ್ದವರು ಎಪ್ಪತ್ತಾರು ವರ್ಷದ ಮಿಸೆಸ್ ಹ್ಯಾಡ್ಲಿ. ವಿಧವೆ, ತೆಳ್ಳನೆಯ ದೇಹ, ದೊಡ್ಡ ದನಿ. ತಮ್ಮ ನಾಯಿಗೆ ವಾರಕ್ಕೊಮ್ಮೆ ಬಿಸಿನೀರಿನ ಸ್ನಾನ ಮಾಡಿಸಿ, ಟವೆಲು ಸುತ್ತಿ, ರೇಡಿಯೊ ಮುಂದೆ ಕೂರಿಸುತ್ತಿದ್ದರು. ದೀಪಾವಳಿಯ ದಿನ ನಾನು ಅವರಿಗೆ ಮುದ್ದೆ, ಉಪ್ಸಾರು ಮಾಡಿ ಬಡಿಸಿದೆ. ನುಂಗಬೇಕು ಎಂದು ಹೇಳುವಷ್ಟರಲ್ಲಿ ಅವರು ಅಗಿಯತೊಡಗಿದ್ದರು. ಮರ್ಯಾದೆಯ ಹೆಂಗಸು, ಉಗುಳಲಿಲ್ಲ. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು, ಅವರ ದವಡೆ ಅದರ ತಾಳಕ್ಕೆ ಸರಿಯಾಗಿ ಆಡುತ್ತಿತ್ತು. ನಾನು ನಗು ತಡೆಯಲಾರದೆ ನಾಯಿಯ ಕಡೆ ತಿರುಗಿ ಕೂತೆ.

ಬಾಯಿ ಖಾಲಿಯಾದ ಮೇಲೆ ಅವರು ಚಮಚಗಳ ಡ್ರಾಯರು ಎಳೆದರು. ಚಮಚಗಳ ಅಡಿಯಲ್ಲಿ ಒಂದು ಸಣ್ಣ ಹಳೆಯ ಫೋಟೊ, ಮುಖ ಕೆಳಗಾಗಿ ಬಿದ್ದಿತ್ತು.

"ನೀವು ಸತ್ತವರನ್ನು ಹುಡುಕುತ್ತೀರಲ್ಲ," ಎಂದರು. "ಇವನು ನನ್ನ ತಾತ, ಆಮೊಸ್ ಲಿಬಿ. ನನ್ನ ಅಮ್ಮ ಕೈಗೂಸಾಗಿದ್ದಾಗ ದೇಶದ ಆ ತುದಿಯ ಮೇನ್ ರಾಜ್ಯದಿಂದ ಚಿನ್ನಕ್ಕೆಂದು ಇಲ್ಲಿಗೆ ಬಂದ. ಏಳು ವರ್ಷ ಕಾದು ಅಜ್ಜಿ ಹ್ಯಾನಾ ಮಗಳನ್ನು ಕಟ್ಟಿಕೊಂಡು ಹಡಗಿನಲ್ಲಿ ಅವನನ್ನು ಹುಡುಕಿ ಬಂದಳು. ಗಣಿಯ ಡೇರೆಗಳ ಹತ್ತಿರ ಹೋದರೆ, ಅವನು ಆ ವಸಂತದಲ್ಲೇ ಹೊರಟುಹೋದ, ಎಲ್ಲಿಗೋ ಗೊತ್ತಿಲ್ಲ ಎಂದರು. ಅಜ್ಜಿ ಇಲ್ಲೇ ಉಳಿದಳು. ಗಣಿಯವರಿಗೆ ಕಡುಬು ಬೇಯಿಸಿ ಮಾರಿದಳು. ಸಾಯುವ ತನಕ ಅವನ ಹೆಸರು ಬಾಯಲ್ಲಿ ತರಲಿಲ್ಲ."

ನಮ್ಮಲ್ಲಿ ಗಂಡನ ಹೆಸರು ಹೇಳದಿರುವುದು ಮರ್ಯಾದೆಗೆ, ಆಕೆ ಹೇಳದಿದ್ದದ್ದು ಸಿಟ್ಟಿಗೆ.

"ಬೇರೆ ಯಾರನ್ನೋ ಕಟ್ಟಿಕೊಂಡು ಓಡಿಹೋದ ಎಂದು ಮನೆಯಲ್ಲಿ ತೀರ್ಮಾನವಾಯಿತು. ಅಜ್ಜಿ ಇಟ್ಟ ಹಾಗೆಯೇ ಈ ಫೋಟೊ ಬಿದ್ದಿದೆ, ನಾನು ತಿರುಗಿಸಿಲ್ಲ. ಆದರೆ ಸತ್ತಿದ್ದರೆ? ಸತ್ತವನ ಮೇಲೆ ಇಷ್ಟು ವರ್ಷ ಸಿಟ್ಟು ಇಟ್ಟುಕೊಂಡರೆ ಅನ್ಯಾಯವಲ್ಲವೆ? ನನಗಿನ್ನು ಹೆಚ್ಚು ಕಾಲವಿಲ್ಲ. ಅವನು ನಮ್ಮನ್ನು ಬಿಟ್ಟನೇ ಇಲ್ಲವೇ ಎಂಬುದೊಂದು ತಿಳಿಯಬೇಕು."

"ಹುಡುಕಿಕೊಡುತ್ತೇನೆ!" ಎಂದುಬಿಟ್ಟೆ. ಬಾಯಿ ಚಪಲ. ಉಪ್ಸಾರಿನ ಘಾಟು ನೆತ್ತಿಗೇರಿತ್ತೋ ಏನೋ.

ಸಾವಿರದ ಎಂಟುನೂರ ಐವತ್ತೆರಡರಲ್ಲಿ ಕ್ಯಾಲಿಫೋರ್ನಿಯದವರು ಬೇರೆಯಾಗಿಯೇ ಮಾಡಿದ ಗಣತಿಯಲ್ಲಿ ಆಮೊಸ್ ಲಿಬಿ ಒಂದೇ ದಿನಕ್ಕೆ ಸಿಕ್ಕ, ಬೆಟ್ಟದ ಒಂದು ಗಣಿಯಲ್ಲಿ. ನಾನು ಮನೆಗೆ ಬಂದು ಕುಣಿದೆ, ಮಿಸೆಸ್ ಹ್ಯಾಡ್ಲಿ ಕೇಕು ಮಾಡಿದರು. ಅರವತ್ತರ ಪುಸ್ತಕದಲ್ಲಿ ಮಾತ್ರ ಅವನಿಲ್ಲ. ಕ್ಯಾಲಿಫೋರ್ನಿಯದ ಸುರುಳಿಗಳನ್ನೆಲ್ಲ ತಿರುಗಿಸಿದೆ. ತಿಂಗಳು ಕಳೆಯಿತು, ಇನ್ನೊಂದು ಕಳೆಯಿತು, ಬಲಗೈ ರಟ್ಟೆ ಊದಿತು. ಸಂಜೆ ಮನೆಗೆ ಬಂದರೆ ಮಿಸೆಸ್ ಹ್ಯಾಡ್ಲಿ ನನ್ನ ಮುಖ ನೋಡಿ ಚಹಾ ಬಗ್ಗಿಸುತ್ತಿದ್ದರು. ಅದು ಕೇಳುವುದಕ್ಕಿಂತ ಹೆಚ್ಚಿನ ಸಂಕಟ. ಚೀಟಿಯನ್ನು 'ಸಿಗದವರು' ಡಬ್ಬಕ್ಕೆ ಹಾಕಲು ನನಗೆ ಕೈ ಬರಲಿಲ್ಲ, ಜೇಬಿನಲ್ಲಿಟ್ಟುಕೊಂಡು ತಿರುಗಿದೆ.

ಬೆಟ್ಟದ ದಾರಿ

ನಾನು ಹೊರಡಲು ಮೂರು ವಾರವಿದ್ದಾಗ ಮಿಸೆಸ್ ಹ್ಯಾಡ್ಲಿ ನನ್ನನ್ನು ಆ ಗಣಿಯ ಜಾಗಕ್ಕೆ ಕರೆದೊಯ್ದರು. ಅವರು ಕಾರು ಓಡಿಸುವ ರೀತಿಗೆ ಹೋಲಿಸಿದರೆ ನಮ್ಮ ಸಕಲೇಶಪುರದ ಲಾರಿ ಚಾಲಕರು ಸಾಧುಗಳು. ಮಾತಾಡುವಾಗ ನನ್ನ ಮುಖವನ್ನೇ ನೋಡಬೇಕೆಂಬ ಸೌಜನ್ಯ ಅವರಿಗೆ. ನಾನು ಉಸಿರು ಬಿಗಿಹಿಡಿದು, ನಾಯಿಯನ್ನು ತಬ್ಬಿಕೊಂಡು ಕೂತೆ. ನಾಯಿಯೂ ಕಣ್ಣು ಮುಚ್ಚಿತ್ತು.

ಗಣಿಯ ಜಾಗದಲ್ಲಿ ಹೊಳೆ, ಹೊಳೆಯ ಪಕ್ಕ ಗುಡ್ಡೆಗುಡ್ಡೆ ಕಲ್ಲು, ಒಂದು ಒಂಟಿ ಸೇಬಿನ ಮರ. ಇಲ್ಲಿ ಊರಿತ್ತು ಎಂದರೆ ಯಾರೂ ನಂಬಲಾರರು. ಚಿನ್ನ ಮುಗಿದ ಕೂಡಲೇ ಜನ ಡೇರೆ ಕಿತ್ತುಕೊಂಡು ಮುಂದೆ ನಡೆದಿದ್ದರು. ಮಿಸೆಸ್ ಹ್ಯಾಡ್ಲಿ ಒಂದು ಬೆಣಚುಕಲ್ಲು ಹೆಕ್ಕಿ ಕೈಚೀಲಕ್ಕೆ ಹಾಕಿಕೊಂಡರು. ಅವರ ಮುಖ ನೋಡಲಾಗದೆ ನಾನು ನಾಯಿಯನ್ನು ಮರದ ಕಡೆ ಕರೆದುಕೊಂಡು ಹೋದೆ.

ಇಳಿಯುವಾಗ ಕಾರು ಕುದಿದು ಹೊಗೆ ಬಿಟ್ಟು ನಿಂತಿತು. ನಾವು ರಸ್ತೆಯ ಪಕ್ಕ ಕೂತೆವು. ಅಲ್ಲೊಂದು ಕಡಿದಾದ ತಿರುವು. ಮೇಲಿನಿಂದ ಒಂದು ಬಸ್ಸು ಬಂತು, ಕೆಳಗಿನಿಂದ ಇನ್ನೊಂದು. ಎರಡೂ ಹಾರನ್ ಹೊಡೆದು, ಮೈಗೆ ಮೈ ತಾಗುವಷ್ಟು ಹತ್ತಿರದಲ್ಲಿ ದಾಟಿಕೊಂಡವು. ಈ ಬಸ್ಸಿನ ಕಿಟಕಿಯ ಹೆಂಗಸು ಇತ್ತ ನೋಡುತ್ತಿದ್ದಳು, ಆ ಬಸ್ಸಿನ ಗಂಡಸು ಅತ್ತ ನೋಡುತ್ತಿದ್ದ.

"ಸಾಕಮ್ಮ!" ಎಂದು ನಾನು ಕಿರುಚಿ ಎದ್ದೆ.

ಮಿಸೆಸ್ ಹ್ಯಾಡ್ಲಿ ನನಗೆ ಹಾವು ಕಚ್ಚಿತೆಂದು ಕೈಚೀಲ ಎತ್ತಿ ನನ್ನ ಕಾಲಿಗೆ ಬೀಸಿದರು. ಬೆಣಚುಕಲ್ಲು ಒಳಗಿತ್ತು. ನಾನು ಕುಂಟುತ್ತಲೇ ಹಿರೀಸಾವೆ, ರಾಮನಾಥಪುರ, ಉಪ್ಸಾರು, ಎರಡು ಬಸ್ಸು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಕೈಚೀಲ ಕೆಳಗಿಟ್ಟರು. "ಹಾಗಾದರೆ ಅವನನ್ನು ಎಲ್ಲಿ ಹುಡುಕಬೇಕು?" ಎಂದರು.

"ಅವನ ಮನೆಯಲ್ಲಿ."

ಮೇನ್‌ನಿಂದ ಬಂದ ಸುರುಳಿ

ಪ್ರೊಫೆಸರ್ ಗಿಬ್ಸನ್ ಒಪ್ಪಲು ತುಸು ಹೊತ್ತಾಯಿತು. "ಊರು ಬಿಟ್ಟವನನ್ನು ಹೋದ ಕಡೆ ಹುಡುಕಬೇಕು. ನಮ್ಮ ಅಧ್ಯಯನವೇ ಅದು," ಎಂದರು.

"ನಮ್ಮ ಕಡೆ ಮೊದಲು ಮನೆಯಲ್ಲಿ ಹುಡುಕುತ್ತೇವೆ, ಸರ್. ಕಳೆದುಹೋದ ಎಮ್ಮೆಯನ್ನೂ."

ಎಮ್ಮೆಯ ಮಾತಿಗೆ ಅವರ ಕನ್ನಡಕ ಜಾರಿತು. ಮೇನ್‌ನ ಆ ಊರಿನ ಐವತ್ತರಿಂದ ಎಂಬತ್ತರವರೆಗಿನ ಸುರುಳಿಗಳನ್ನು ಕಳಿಸಿರೆಂದು ಅಂದೇ ಬರೆದರು. ಅವು ಅಂಚೆಯಲ್ಲಿ ಬಂದಾಗ ನಾನು ಹೊರಡಲು ನಾಲ್ಕು ದಿನ ಉಳಿದಿತ್ತು. ಮಿಸೆಸ್ ಹ್ಯಾಡ್ಲಿಯನ್ನೂ ಕತ್ತಲೆ ಕೋಣೆಗೆ ಕರೆದು ಪಕ್ಕದಲ್ಲಿ ಕೂರಿಸಿದೆ. ನಾಯಿಗೆ ಪ್ರವೇಶವಿರಲಿಲ್ಲ.

ಹಿಡಿ ತಿರುಗಿಸಿದೆ. ಸಾವಿರದ ಎಂಟುನೂರ ಅರವತ್ತು. ಐವತ್ತರ ಪುಸ್ತಕದಲ್ಲಿ ಆಮೊಸ್, ಹ್ಯಾನಾರ ಅಕ್ಕಪಕ್ಕ ಇದ್ದ ಅದೇ ಇಬ್ಬರು ನೆರೆಯವರು, ಅವರ ನಡುವೆ ಅದೇ ಮನೆ, ಮನೆಯಲ್ಲಿ ಒಬ್ಬನೇ ಮನುಷ್ಯ. ಆಮೊಸ್ ಲಿಬಿ, ಬಡಗಿ.

ನಾನು ಕಿರುಚಲಿಲ್ಲ. ಹಿಡಿ ಬಿಟ್ಟು ಕುರ್ಚಿ ಪಕ್ಕಕ್ಕೆ ಸರಿಸಿದೆ. ಮಿಸೆಸ್ ಹ್ಯಾಡ್ಲಿ ಪರದೆಯ ಮೇಲೆ ಬೆರಳಿಟ್ಟರು, ಬೆರಳಿನ ಮೇಲೆಯೇ ಹೆಸರು ಮೂಡಿತು. ಎಪ್ಪತ್ತರ ಸುರುಳಿ ಹಾಕಿದೆ, ಅದೇ ಮನೆ, ಒಬ್ಬನೇ. ಎಂಬತ್ತರ ಸುರುಳಿಯಲ್ಲಿ ಮದುವೆಯಾಗಿದೆಯೋ ಇಲ್ಲವೋ ಎಂದು ಗುರುತು ಹಾಕುವ ಅಂಕಣಗಳಿವೆ. ಅಷ್ಟು ವರ್ಷ ಒಂಟಿಯಾಗಿ ಬದುಕಿದ್ದ ಮುದುಕ ಎಣಿಸಲು ಬಂದವನಿಗೆ ಏನು ಹೇಳಿದನೋ, ಗೆರೆ 'ವಿವಾಹಿತ' ಎಂಬಲ್ಲಿ ಬಿದ್ದಿತ್ತು. ಅದೇ ವರ್ಷದ ಕ್ಯಾಲಿಫೋರ್ನಿಯದ ಪುಸ್ತಕದಲ್ಲಿ ಹ್ಯಾನಾ ಲಿಬಿಯ ಗೆರೆ 'ವಿಧವೆ' ಎಂಬಲ್ಲಿತ್ತು.

"ಅವಳು ಇತ್ತ ಬರುವಾಗ ಅವನು ಅತ್ತ ಹೋದ," ಎಂದರು ಮಿಸೆಸ್ ಹ್ಯಾಡ್ಲಿ. "ಆದರೆ ಒಂದು ಕಾಗದ ಬರೆಯಲಿಲ್ಲವೇಕೆ? ಅವಳಾದರೂ?"

ಅವನು ಬರೆದನೋ ಇಲ್ಲವೋ ನನಗೆ ಗೊತ್ತಿಲ್ಲ. ಬರೆದಿದ್ದರೂ ಕಿತ್ತುಹೋದ ಡೇರೆಗಳ ವಿಳಾಸಕ್ಕೆ ಯಾವ ಅಂಚೆ ಮುಟ್ಟೀತು? ಅವಳದು ಮಾತ್ರ ಗೊತ್ತಿತ್ತು. ಐವತ್ತರ ಪುಟದಲ್ಲಿ ಹ್ಯಾನಾಳ ಸಾಲಿನ ಕೊನೆಗೆ, ಓದುಬರಹ ಬಾರದವರ ಅಂಕಣದಲ್ಲಿ ಒಂದು ಗೆರೆಯಿತ್ತು. ಹಿರೀಸಾವೆಯಲ್ಲಿ ನಾನೇ ಮನೆಮನೆಯಲ್ಲಿ ಅಂಥ ಗುರುತು ಹಾಕಿದ್ದವನು. ತೋರಿಸಲೋ ಬೇಡವೋ ಎನಿಸಿತು. ತೋರಿಸಿದೆ.

"ಓ!" ಎಂದರು ಅವರು. "ಅದಕ್ಕೇ ದಿನಾ ನನ್ನ ಕೈಲಿ ಬೈಬಲ್ ಓದಿಸುತ್ತಿದ್ದಳು! ಕನ್ನಡಕ ಸರಿಯಿಲ್ಲ ಅನ್ನುತ್ತಿದ್ದಳು. ಮೂರು ಕನ್ನಡಕ ಕೊಡಿಸಿದೆವು!" ನಗು ಬಂತು, ನಗುವಿನೊಳಗೇ ಅಳು ಬಂತು. ನನಗೂ ಹಾಗೇ ಆಯಿತು. ಬೇರೆಯವರ ಕೈಲಿ ಬರೆಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಗಂಡನ ಮೇಲೆ ಸಿಟ್ಟಾದ ಹೆಂಗಸು ಅದನ್ನು ಊರವರ ಕೈಲಿ ಬರೆಸುತ್ತಾಳೆಯೇ? ಸಾಕಮ್ಮನಂತೂ ಬರೆಸುತ್ತಿರಲಿಲ್ಲ.

ಪ್ರೊಫೆಸರ್ ಚಪ್ಪಲಿ ಅಂಗಡಿಯಿಂದ ಮೂರನೆಯ ಡಬ್ಬ ತಂದು, ಮೇಲೆ ತಾವೇ 'ಮನೆಗೆ ಹೋದವರು' ಎಂದು ಬರೆದರು. ನನ್ನ ಜೇಬಿನ ಚೀಟಿ ಅದರೊಳಗೆ ಮೊದಲು ಬಿತ್ತು. ನಾನು ಹೊರಡುವ ಬೆಳಿಗ್ಗೆ ಅಡಿಗೆಮನೆಗೆ ಹೋದಾಗ ಆಮೊಸ್ ಲಿಬಿ ರೇಡಿಯೊ ಪಕ್ಕದಲ್ಲಿ ಮುಖ ಈಚೆಗೆ ಮಾಡಿ ನಿಂತಿದ್ದ. ದೊಡ್ಡ ಕಿವಿಯ, ಪಾಪದ ಮನುಷ್ಯ.

ಮತ್ತೆ ಹಿರೀಸಾವೆ

ಊರಿಗೆ ಬಂದು ಮೂರು ತಿಂಗಳಿಗೆ ಮಿಸೆಸ್ ಹ್ಯಾಡ್ಲಿಯ ಕಾಗದ ಬಂತು, ಮೇನ್‌ನಿಂದ. ಅದನ್ನು ಜೇಬಿನಲ್ಲಿಟ್ಟುಕೊಂಡು ಭಾನುವಾರ ಸರೋಜಳ ಜೊತೆ ಹಿರೀಸಾವೆಗೆ ಹೋದೆ. ಕಾಳೇಗೌಡ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ, ಸಾಕಮ್ಮ ಹುಣಿಸೆಹಣ್ಣು ಬಿಡಿಸುತ್ತಿದ್ದಳು. ಕಥೆಯನ್ನೆಲ್ಲ ಹೇಳಿ ಕಾಗದವನ್ನು ಕನ್ನಡ ಮಾಡಿ ಓದಿದೆ.

ಮಿಸೆಸ್ ಹ್ಯಾಡ್ಲಿ ಒಬ್ಬರೇ ರೈಲು ಹತ್ತಿ ಆ ಊರಿಗೆ ಹೋಗಿದ್ದರು. ಮನೆ ಬಿದ್ದುಹೋಗಿದೆ, ಸ್ಮಶಾನ ಇದೆ. ಆಮೊಸನ ಗೋರಿಯ ಕಲ್ಲಿನ ಮೇಲೆ ಎರಡು ಹೆಸರು ಕೆತ್ತಿವೆ. ಆಮೊಸನ ಹೆಸರಿನ ಕೆಳಗೆ ಹುಟ್ಟಿದ ವರ್ಷ, ಸತ್ತ ವರ್ಷ. ಪಕ್ಕದಲ್ಲಿ 'ಅವನ ಹೆಂಡತಿ ಹ್ಯಾನಾ', ಹುಟ್ಟಿದ ವರ್ಷ, ಆಮೇಲೆ ಖಾಲಿ ಕಲ್ಲು. ಅವಳು ಬಂದ ಮೇಲೆ ಕೆತ್ತಿಸಲೆಂದು ಜಾಗ ಬಿಡಿಸಿದ್ದ. ಕಲ್ಲು ಕೆತ್ತುವವನನ್ನು ಕರೆಸಿ ಹ್ಯಾನಾ ಸತ್ತ ವರ್ಷವನ್ನು ತಾವೇ ನಿಂತು ತುಂಬಿಸಿದ್ದಾಗಿ ಬರೆದಿದ್ದರು. ಕೊನೆಯಲ್ಲಿ ಒಂದು ಸಾಲು: ನಿಮ್ಮ ಆ ಬಸ್ಸಿನ ಹೆಂಗಸಿಗೆ ನನ್ನ ನಮಸ್ಕಾರ ಹೇಳಿ.

ಸಾಕಮ್ಮನ ಕೈಯಲ್ಲಿ ಹುಣಿಸೆಹಣ್ಣು ಹಾಗೇ ನಿಂತಿತ್ತು.

"ಇಬ್ರೂ ಒಂಟವ್ರೆ, ಸಾ," ಎಂದಳು. "ಇಬ್ರೂ ಕಾದವ್ರೆ. ಪಾಪ, ನಡುವೆ ಒಂದು ಒಳೆನರ್ಸೀಪುರ ಇರ್ನಿಲ್ಲ ಕಣಿ."

ಕಾಳೇಗೌಡ ಕೆಮ್ಮಿದ. ಹಗ್ಗ ನೋಡುತ್ತ, "ನಾನೂವೆ ಅವತ್ತು ಇನ್ನೊಂದು ದಿನ ಕಾಯವ ಅಂತಿದ್ದೆ," ಎಂದ.

ಸಾಕಮ್ಮ ಅವನ ಕಡೆ ತಿರುಗಿದಳು. "ಇನ್ಮ್ಯಾಕೆ ನಾನೇನಾರ ಮುನಿಸ್ಕೊಂಡು ತೌರ್ಗೋದ್ರೆ, ನೀನು ಬಸ್ ಅತ್ಬ್ಯಾಡ. ಮನೇಲೇ ಕುಂತಿರು, ಕೇಳಿಸ್ತಾ? ಎಷ್ಟ್ ದಿನಾದ್ರೂ ಸರಿ, ನಾನೇ ಬತ್ತೀನಿ."